ಸಾಲ್ಕಿನ್‌ಗೆ ತೆಗೆದಿಟ್ಟ ಎರಡನೆಯ ಭಾಗ

ಕೋಕ್-ಬುಲಾಕ್ ಶಾಲೆಯ ಲೈಬ್ರರಿ ನೋಡಿಕೊಳ್ಳುವವಳಿಗೆ ಅನಾರ್‌ಕುಲ್ ಎಂಬ ಒಳ್ಳೆಯ ಹೆಸರಿತ್ತು. ಮಕ್ಕಳು ಇಟ್ಟ ಹೆಸರು ಮಾತ್ರ 'ಪುಸ್ತಕ ಎಲ್ಲಿ ಅಕ್ಕ'. ಇಟ್ಟರೆ ತಪ್ಪೇನು ಹೇಳಿ? ಸಂತೆಯಲ್ಲಿ ಆಲೂಗಡ್ಡೆ ಆರಿಸುತ್ತಿರಲಿ, ಮದುವೆ ಮನೆಯಲ್ಲಿ ಎಣ್ಣೆಯಲ್ಲಿ ಕರಿದ ಬೂರ್ಸಾಕ್ ತಿನ್ನುತ್ತಿರಲಿ, ಶಾಲೆಯ ಮಗುವೊಂದು ಕಣ್ಣಿಗೆ ಬಿದ್ದರೆ ಆಕೆಯ ಬಾಯಿಂದ ಮೊದಲು ಬರುತ್ತಿದ್ದದ್ದು ಕ್ಷೇಮ ಸಮಾಚಾರವಲ್ಲ, "ಪುಸ್ತಕ ಎಲ್ಲಿ?" ಎಂಬ ಪ್ರಶ್ನೆ. ಒಮ್ಮೆ ಸಾವಿನ ಮನೆಗೆ ಹೋಗಿದ್ದಾಗ ಸತ್ತವನ ಮಗನನ್ನು ತಬ್ಬಿಕೊಂಡು ಮನಸಾರೆ ಅತ್ತು, ಕಣ್ಣೊರೆಸಿಕೊಂಡು, ಹೊರಡುವ ಮುಂಚೆ ಮೆಲ್ಲಗೆ "ಆ ಭೂಗೋಳದ ಪುಸ್ತಕ…" ಎಂದು ರಾಗ ಎಳೆದಿದ್ದಳಂತೆ. ಊರು ಅದನ್ನು ಇನ್ನೂ ಮರೆತಿಲ್ಲ.

ಇದೊಂದು ವಿಷಯ ಬಿಟ್ಟರೆ ಆಕೆಯಷ್ಟು ಅಂಜುಬುರುಕಿ ಆ ಕಣಿವೆಯಲ್ಲೇ ಇನ್ನೊಬ್ಬಳಿರಲಿಲ್ಲ. ಹೆಡ್‌ಮಾಸ್ಟರು ಹುಬ್ಬೇರಿಸಿದರೆ ಸಾಕು, ಕೇಳದ ಪ್ರಶ್ನೆಗೂ ಹೂಂ ಎನ್ನುತ್ತಿದ್ದಳು. ಧೈರ್ಯ ಬೇಕೆಂದರೆ ಆಕೆಗೆ ಕೈಯಲ್ಲೊಂದು ಕಾಗದ ಬೇಕು, ಕಾಗದದ ಮೇಲೆ ಮುದ್ರೆ ಬೇಕು. ಅಂಥ ಕಾಗದವೆಂದರೆ ಓದುಗರ ಕಾರ್ಡು. ಮಗು ಶಾಲೆಗೆ ಸೇರಿದ ದಿನ ಹುಟ್ಟುವ ಆ ಕಾರ್ಡು, ಶಾಲೆ ಬಿಡುವ ದಿನ ಎಲ್ಲ ಪುಸ್ತಕ ಹಿಂದಿರುಗಿದ ಮೇಲೆ ಸಹಿ ಬಿದ್ದು ಮುಚ್ಚುತ್ತದೆ. ಕೊನೆಯ ಸಾಲಿನಲ್ಲಿ ಶಾಲೆ ಬಿಟ್ಟ ಕಾರಣ ಬರೆಯಬೇಕು.

ಈ ಶಿಸ್ತನ್ನೆಲ್ಲ ಆಕೆಗೆ ಕಲಿಸಿದವರು ಮುಂಚೆ ಲೈಬ್ರರಿ ನೋಡಿಕೊಳ್ಳುತ್ತಿದ್ದ ಎರ್ನಾ ಕಾರ್ಲೊವ್ನಾ. ಯುದ್ಧದ ಕಾಲದಲ್ಲಿ ವೋಲ್ಗಾ ನದಿಯ ದಡದಿಂದ ಜರ್ಮನ್ ಮಾತಾಡುವವರನ್ನೆಲ್ಲ ರೈಲಿಗೆ ತುಂಬಿ ಈ ಕಡೆ ತಂದು ಇಳಿಸಿದರಲ್ಲ, ಹಾಗೆ ಬಂದ ಹುಡುಗಿ. ತನಗಾದ ಅನ್ಯಾಯದ ಬಗ್ಗೆ ಆಕೆ ಯಾರ ಮುಂದೆಯೂ ಬಾಯಿಬಿಟ್ಟವರಲ್ಲ. ಬದಲಿಗೆ ಪುಸ್ತಕ ಕೊಡುತ್ತಿದ್ದರು. ಪಟ್ಟಿ ಮಾಡಿ ಗೋಡೆಗೆ ಅಂಟಿಸುವುದು ಆಕೆಗೆ ಆಗದ ಕೆಲಸ. ಒಂದೊಂದು ಮಗುವಿನ ಮುಖ ನೋಡಿ ಒಂದೊಂದು ಪುಸ್ತಕ, ಅದರೊಳಗೊಂದು ಚೀಟಿ, ಚೀಟಿಯಲ್ಲಿ 'ಮುಂದೆ ಇದನ್ನು ಓದು' ಎಂದು ಇನ್ನೊಂದು ಪುಸ್ತಕದ ಹೆಸರು. ಒಂದು ತಂದರೆ ಇನ್ನೊಂದು, ಒಟ್ಟಿಗೆ ಎರಡಿಲ್ಲ. ತೊಂಬತ್ತೆರಡರಲ್ಲಿ ಜರ್ಮನಿಗೆ ಹೊರಟ ದಿನ ಕೀಲಿಕೈ ಕೊಡುತ್ತ, "ಅನಾರ್, ಪುಸ್ತಕ ಬಾಕಿ ಇರೋ ಕಾರ್ಡನ್ನ ಎಸೀಬೇಡ ಕಣಮ್ಮ. ತಗೊಂಡವರು ಬಂದೇ ಬರ್ತಾರೆ" ಅಂದಿದ್ದರು.

ಅನಾರ್‌ಕುಲ್ ಎಸೆಯಲಿಲ್ಲ ನಿಜ. ಆದರೆ ಅದಕ್ಕಿಂತ ಕೆಟ್ಟದ್ದೊಂದು ಮಾಡಿದ್ದಳು. ಇಪ್ಪತ್ತೇಳು ವರ್ಷಗಳಲ್ಲಿ ನಾಲ್ವರು ಹುಡುಗಿಯರನ್ನು ಓದುತ್ತಿದ್ದಾಗಲೇ ಹೊತ್ತೊಯ್ದಿದ್ದರು. ಕಾರಿಗೆ ತಳ್ಳಿ, ಹುಡುಗನ ಮನೆಗೆ ತಂದು, ಹೆಂಗಸರೆಲ್ಲ ಸುತ್ತ ಕೂತು, ಬಿಳಿಯ ಬಟ್ಟೆ ತಲೆಗೆ ಕಟ್ಟಿಬಿಟ್ಟರೆ ಮುಗಿಯಿತು, ಸಂಪ್ರದಾಯವಂತೆ. ಕಾನೂನು ಅದನ್ನು ಅಪರಾಧ ಎನ್ನುತ್ತದೆ, ಬೇಕಾದಷ್ಟು ಮನೆಗಳಲ್ಲಿ ಅಪ್ಪ ಅಮ್ಮಂದಿರು ಥೂ ಎಂದು ಉಗಿಯುತ್ತಾರೆ. ಆದರೂ ಹುಡುಗಿ ಅಲ್ಲಿ ಕತ್ತಲೆಯಾಗುವವರೆಗೆ ಇದ್ದಳೆಂದರೆ ಊರ ಬಾಯಿ ಅವಳನ್ನು ಹೊರಗೆ ಬಿಡುವುದಿಲ್ಲ. ಆ ನಾಲ್ವರ ಪುಸ್ತಕಗಳನ್ನು ಚಿಕ್ಕಮ್ಮನೋ ಅಣ್ಣನೋ ತಂದುಕೊಟ್ಟರು. ಅನಾರ್‌ಕುಲ್ ಚೆಂದದ ಅಕ್ಷರದಲ್ಲಿ 'ಮದುವೆಯಾಗಿ ಹೋದಳು' ಎಂದು ಕಾರಣ ಬರೆದು, ಸಹಿ ಹಾಕಿ, ಕಾರ್ಡು ಮುಚ್ಚಿದಳು. ನಾಲ್ಕನೆಯ ಸಲ ಬರೆದ ದಿನ ಮನೆಗೆ ಹೋಗಿ ಊಟ ಮಾಡಲಿಲ್ಲ. ಊಟ ಬಿಟ್ಟರೆ ಯಾರಿಗೇನು ಬಂತು?

ಆ ವರ್ಷದ ನವೆಂಬರಿನಲ್ಲಿ ಜಿಲ್ಲಾ ಕಚೇರಿಯಿಂದ ಪತ್ರ ಬಂತು. ಮಾನವ ಹಕ್ಕು, ಸಾಮಾಜಿಕ ನ್ಯಾಯ, ಇವುಗಳ ಬಗ್ಗೆ ದೊಡ್ಡ ತರಗತಿಯ ಮಕ್ಕಳಿಗೆ ಪುಸ್ತಕ ಸೂಚಿಸಬೇಕು, ಫೋಟೊ ಕಳಿಸಬೇಕು.

"ಒಂದು ಮೇಜು, ಮೇಲೊಂದು ಬಟ್ಟೆ, ನಾಲ್ಕು ಪುಸ್ತಕ, ಫೋಟೊ. ಅಷ್ಟು ಸಾಕು ಅನಾರ್‌ಕುಲ್. ಜಾಸ್ತಿ ತಲೆ ಕೆಡಿಸ್ಕೋಬೇಡಿ" ಅಂದರು ಹೆಡ್‌ಮಾಸ್ಟರು.

ಆಕೆ ತಲೆ ಕೆಡಿಸಿಕೊಂಡಳು. ಮೂರು ವಾರ ಕಪಾಟು ಜಾಲಾಡಿ ಹನ್ನೆರಡು ಪುಸ್ತಕ ತೆಗೆದಳು. ಉಪ್ಪಿನ ಗಣಿಯ ಮಾಲೀಕನನ್ನು ಕೋರ್ಟಿಗೆ ಎಳೆದ ಕೂಲಿಯ ಕಥೆ, ತನ್ನ ಭಾಷೆಯಲ್ಲಿ ಮಾತಾಡಿದ್ದಕ್ಕೆ ಶಾಲೆಯಲ್ಲಿ ಏಟು ತಿಂದ ಹುಡುಗನ ಕಥೆ, ಕಾನೂನನ್ನು ಸರಳವಾಗಿ ಬಿಡಿಸಿ ಹೇಳುವ ಒಂದು ತೆಳು ಪುಸ್ತಕ, ಹೀಗೆ. ಫೋಟೊ ಹೋದ ಮೇಲೆ ಎರ್ನಾ ಕಾರ್ಲೊವ್ನಾರ ಹಾಗೆಯೇ ಒಬ್ಬೊಬ್ಬರ ಕೈಗಿಡಲು ನೋಡಿದಳು. ಜಗಳಗಂಟ ಹುಡುಗನೊಬ್ಬನಿಗೆ ಕೋರ್ಟಿನ ಕಥೆ ಕೊಟ್ಟರೆ, "ಇದರಲ್ಲಿ ಹೊಡೆದಾಟ ಇದೆಯಾ ಅಕ್ಕ?" ಎಂದು ಕೇಳಿ, ಇಲ್ಲವೆಂದದ್ದಕ್ಕೆ ಅಲ್ಲೇ ಇಟ್ಟು ಹೋದ.

ಓದಿದವಳು ಒಬ್ಬಳೇ, ಹನ್ನೊಂದನೆಯ ತರಗತಿಯ ಚೋಲ್ಪೋನ್. ಅಪ್ಪ ಇಲ್ಲ, ಅಮ್ಮ ಮಾಸ್ಕೋದಲ್ಲಿ ಯಾರದೋ ಮನೆಯ ನೆಲ ಒರೆಸುತ್ತಿದ್ದಳು, ಹುಡುಗಿ ಇಲ್ಲಿ ಚಿಕ್ಕಮ್ಮನ ಮನೆಯಲ್ಲಿ. ಎರಡು ದಿನಕ್ಕೊಂದರಂತೆ ಓದಿ, ಚೀಟಿ ಹಿಡಿದು ಬಂದು, "ಮುಂದಿನದು ಕೊಡಿ ಅಕ್ಕ" ಎಂದು ನಿಲ್ಲುತ್ತಿದ್ದಳು. ಅವಳು ಬಂದರೆ ಅನಾರ್‌ಕುಲ್‌ಗೆ ಆ ದಿನದ ಟೀ ಕೂಡ ರುಚಿಯಾಗುತ್ತಿತ್ತು. ಡಿಸೆಂಬರಿನ ಒಂದು ಮಂಗಳವಾರ, ಮಧ್ಯಾಹ್ನ ಒಂದೂವರೆಗೆ, ಒಂಬತ್ತನೆಯದನ್ನು ಹಿಂದಿರುಗಿಸಿ ಹತ್ತನೆಯದಾಗಿ ಆ ಕಾನೂನಿನ ತೆಳು ಪುಸ್ತಕ ತೆಗೆದುಕೊಂಡು ಹೋದಳು.

ಎರಡು ಗಂಟೆಗೆ ಅವಳ ಗೆಳತಿಯರಿಬ್ಬರು ಏದುಸಿರು ಬಿಡುತ್ತ ಬಂದರು. ಶಾಲೆಯ ತಿರುವಿನಲ್ಲಿ ಚೋಲ್ಪೋನಳನ್ನು ಮೂವರು ಸೇರಿ ಕಾರಿಗೆ ತಳ್ಳಿಕೊಂಡು ಹೋಗಿದ್ದರು. ಕಾರು ಟ್ಯಾಕ್ಸಿ ಓಡಿಸುವ ಎಲ್ದಾರನದು, ನದಿಯಾಚೆಯ ಮೇಲಿನ ಕೇರಿಯವನು. ಅವನ ಮದುವೆ ಮಾತಿಗೆ ಅವಳು ಬೇಡವೆಂದು ಮುಂಚೆಯೇ ಎರಡು ಸಲ ಹೇಳಿದ್ದಳಂತೆ. ಕಿರುಚಿದಳಂತೆ.

ಅನಾರ್‌ಕುಲ್ ಹೆಡ್‌ಮಾಸ್ಟರ ಕೋಣೆಗೆ ಓಡಿದಳು. ಅವರು ಕಿಟಕಿ ಕಡೆ ನೋಡುತ್ತ, "ಶಾಲೆಯ ಹೊರಗೆ ನಡೆದದ್ದು. ನಾವು ಮೂಗು ತೂರಿಸಿದರೆ ಚೆನ್ನಾಗಿರಲ್ಲ" ಅಂದರು. ಪೊಲೀಸಿನವನು ಫೋನಿನಲ್ಲಿ, ತಾನು ಪಕ್ಕದೂರಿನಲ್ಲಿದ್ದೇನೆ, ಬೆಳಿಗ್ಗೆ ಬಂದು ನೋಡುತ್ತೇನೆ ಅಂದ. ಬೆಳಿಗ್ಗೆ ಬಂದು ಏನು ನೋಡುವುದು? ಚಿಕ್ಕಮ್ಮ, "ಒಳ್ಳೆ ಮನೆತನವಂತೆ ಬಿಡಿ. ನನಗೂ ಮೂರು ಮಕ್ಕಳಿದ್ದಾರೆ" ಎಂದು ಫೋನಿಟ್ಟಳು. ಗೋಡೆಯ ಗಡಿಯಾರದಲ್ಲಿ ಎರಡೂವರೆ. ಐದಕ್ಕೆ ಕತ್ತಲೆ.

ಆಕೆ ಕಾರ್ಡುಗಳ ಡ್ರಾಯರು ಎಳೆದು ಚೋಲ್ಪೋನಳ ಕಾರ್ಡು ತೆಗೆದಳು. ಹತ್ತನೆಯ ಪುಸ್ತಕ ಬಾಕಿ. ಕೊನೆಯ ಸಾಲು ಖಾಲಿ. ಐದನೆಯ ಸಲ ಆ ಎರಡು ಪದ ಬರೆಯಲು ಈ ಕೈ ಏಳುವುದಿಲ್ಲ, ದೇವರೇ, ಏಳುವುದಿಲ್ಲ ಎಂದು ಆಕೆಗೆ ಖಚಿತವಾಗಿ ಗೊತ್ತಾಯಿತು. ಕಾರ್ಡನ್ನೂ ಶಾಲೆಯ ಮುದ್ರೆಯನ್ನೂ ಕೋಟಿನ ಜೇಬಿಗೆ ಹಾಕಿಕೊಂಡು ಪಕ್ಕದ ಬಾಯ್ಲರ್ ಕೋಣೆಗೆ ಹೋದಳು.

ಅಲ್ಲಿ ಕಲ್ಮಿರ್ಜಾ ಇದ್ದ, ಶಾಲೆಯ ಒಲೆಗೆ ಕಲ್ಲಿದ್ದಲು ಹಾಕುವವನು, ಆಕೆಗಿಂತ ಏಳೆಂಟು ವರ್ಷ ದೊಡ್ಡವನು. ಅವನ ಹತ್ತಿರ ಒಂದು ಝಿಗುಲಿ ಕಾರಿತ್ತು, ಅವನಷ್ಟೇ ಹಳೆಯದು.

"ಅಣ್ಣ, ಮೇಲಿನ ಕೇರಿಗೆ ಹೋಗಬೇಕು. ಎಲ್ದಾರನ ಮನೆಗೆ."

"ಯಾಕೆ ತಂಗಿ, ಮದುವೆ ಊಟಕ್ಕಾ?" ಅಂದವನು ಆಕೆಯ ಮುಖ ನೋಡಿ ಸಲಿಕೆ ಕೆಳಗಿಟ್ಟ. "ಚೋಲ್ಪೋನಾ?"

"ಹೂಂ."

"ಅಲ್ಲಿ ಹೋಗಿ ಏನು ಹೇಳ್ತೀಯ?"

"ಪುಸ್ತಕ ಕೇಳ್ತೀನಿ" ಅಂದಳು ಅನಾರ್‌ಕುಲ್. ಕಲ್ಮಿರ್ಜಾ ನಗಲಿಲ್ಲ. ಕೈಯ ಮಸಿ ಒರೆಸಿಕೊಂಡು ಕೀಲಿ ಹುಡುಕಿದ.

ಝಿಗುಲಿ ಕೆಮ್ಮಿ, ನಡುಗಿ, ಕೊನೆಗೆ ಹೊರಟಿತು. ಸೇತುವೆಯ ಹತ್ತಿರ ಕಲ್ಮಿರ್ಜಾ ತಾನೇ ಮಾತು ತೆಗೆದ.

"ಆ ಮನೇಲಿ ಹುಡುಗನ ತಾಯಿ ಜೋರು, ಆದ್ರೆ ಅವಳದೇನೂ ನಡೆಯಲ್ಲ. ನಡೆಯೋದು ಅಜ್ಜಿದು, ತೋಕೋ ಅಜ್ಜಿದು. ಹುಡುಗಿ ಎದ್ದು ಹೊರಟ್ರೆ ಆ ಅಜ್ಜಿ ಹೋಗಿ ಹೊಸ್ತಿಲ ಮೇಲೆ ಅಡ್ಡ ಮಲಗ್ತಾಳೆ. ಆಮೇಲೆ ಯಾರು ದಾಟ್ತಾರೆ ಹೇಳು?"

ಯಾರೂ ದಾಟುವುದಿಲ್ಲ. ಮುದುಕಿಯನ್ನು ದಾಟಿ ಹೋದವಳ ಮಡಿಲು ತುಂಬುವುದಿಲ್ಲ ಎಂಬ ಶಾಪದ ಮಾತು ಅಲ್ಲಿ ಎಲ್ಲ ಹೆಣ್ಣುಮಕ್ಕಳ ಕಿವಿಗೂ ಬಿದ್ದದ್ದೇ.

"ಪಾಪ, ಅವಳ ಕಥೆಯೂ ಅದೇ ಅಂತೆ" ಅಂದ ಕಲ್ಮಿರ್ಜಾ. "ನಮ್ಮಮ್ಮ ಹೇಳ್ತಿದ್ಲು. ಮೇಲಿನ ಕಣಿವೆ ಹುಡುಗಿ, ನಮ್ಮ ಶಾಲೆ ಹಾಸ್ಟೆಲಲ್ಲಿದ್ಲು. ಹತ್ತನೇ ಕ್ಲಾಸಲ್ಲಿ ಎತ್ಕೊಂಡು ಬಂದ್ರು. ಅವತ್ತಿಂದ ತೋಕೋ ಹೆಂಡ್ತಿ, ಆಮೇಲೆ ತೋಕೋ ಅಜ್ಜಿ. ಅವಳ ಸ್ವಂತ ಹೆಸರು ಎಷ್ಟು ಜನಕ್ಕೆ ಗೊತ್ತು? ಎಂಥದೋ ಗಾಳಿ ಅನ್ನೋ ಅರ್ಥದ್ದು… ಹಾಂ, ಸಾಲ್ಕಿನ್."

"ನಿಲ್ಸು" ಅಂದಳು ಅನಾರ್‌ಕುಲ್.

"ಏನಾಯ್ತು?"

"ಕಾರು ತಿರುಗ್ಸು ಅಣ್ಣ. ವಾಪಸ್ ಶಾಲೆಗೆ."

"ಹೆದರಿಕೆಯಾ?"

"ಹೆದರಿಕೆ ಇದ್ದೇ ಇದೆ. ಇನ್ನೊಂದು ಕಾರ್ಡು ಬಿಟ್ಟು ಬಂದೆ."

ಕಲ್ಮಿರ್ಜಾ ಗೊಣಗಿದ. ಹೊತ್ತು ಹೋಗುತ್ತಿದೆ, ಪೆಟ್ರೋಲು ಕುಡಿಯುತ್ತಿದೆ, ಇವಳಿಗೆ ಕಾರ್ಡಂತೆ. ಆದರೂ ತಿರುಗಿಸಿದ.

ಡ್ರಾಯರಿನ ಕೊನೆಯಲ್ಲಿ ದಾರ ಕಟ್ಟಿದ ಒಂದು ಕಟ್ಟಿತ್ತು, ಎರ್ನಾ ಕಾರ್ಲೊವ್ನಾ ಬಿಟ್ಟುಹೋದ ಬಾಕಿ ಕಾರ್ಡುಗಳು. ಪ್ರತಿ ಬೇಸಿಗೆಯಲ್ಲೂ ಧೂಳು ಹೊಡೆದು ಮತ್ತೆ ಕಟ್ಟಿಡುತ್ತಿದ್ದ ಅನಾರ್‌ಕುಲ್‌ಗೆ ಅವು ಬಾಯಿಪಾಠ. ಸಾಲ್ಕಿನ್, ಅಸಾನನ ಮಗಳು, ಹತ್ತನೆಯ ತರಗತಿ, ಹಾಸ್ಟೆಲು. ಇಪ್ಪತ್ತೇಳು ವರ್ಷ ಆ ಹೆಸರು ನೋಡಿದ್ದಳು, ಸಂತೆಯಲ್ಲಿ ಆ ಮುದುಕಿಗೆ ದಾರಿ ಬಿಟ್ಟಿದ್ದಳು, ಎರಡೂ ಒಬ್ಬಳೇ ಎಂದು ಹೊಳೆದಿರಲಿಲ್ಲ. ಕಾರ್ಡು ಜೇಬಿಗೆ ಹಾಕಿ ಏಣಿ ಹತ್ತಿದಳು. ಮೇಲಿನ ಅರೆಯಲ್ಲಿ, ಜೊತೆಯ ಮೊದಲ ಭಾಗವಿಲ್ಲದೆ ಒಂಟಿಯಾಗಿ ನಿಂತ ನೀಲಿ ರಟ್ಟಿನ ಪುಸ್ತಕ. ಹೋದ ವರ್ಷ ಹಳೆಯ ಪುಸ್ತಕಗಳನ್ನು ತೆಗೆದುಹಾಕಿ ಎಂದು ಮೇಲಿನವರು ಹೇಳಿದಾಗ ಇದನ್ನೂ ಮೂಟೆಗೆ ಹಾಕಿದ್ದಳು, ಒಳಗಿನ ಚೀಟಿ ನೋಡಿ ಮತ್ತೆ ತೆಗೆದಿದ್ದಳು. ಈಗ ಅದನ್ನು ಕೋಟಿನೊಳಗೆ ಸೇರಿಸಿಕೊಂಡು ಇಳಿದಳು.

ಅವರು ಮೇಲಿನ ಕೇರಿ ಮುಟ್ಟಿದಾಗ ನಾಲ್ಕಾಗಿತ್ತು, ಬಿಸಿಲು ಬೆಟ್ಟದ ತುದಿಗೆ ಏರಿತ್ತು. ಅಂಗಳದಲ್ಲಿ ಕುರಿ ಕೊಯ್ದಿದ್ದರು, ಕಡಾಯಿ ಕುದಿಯುತ್ತಿತ್ತು. ಎಲ್ದಾರ ಇಬ್ಬರು ಗೆಳೆಯರೊಂದಿಗೆ ಬೇಲಿಗೆ ಒರಗಿ ನಿಂತಿದ್ದ, ಗೆದ್ದವನ ಮುಖವೂ ಅಲ್ಲ, ಸೋತವನದೂ ಅಲ್ಲ. ಕಲ್ಮಿರ್ಜಾ ಇಂಜಿನ್ ಆರಿಸಲಿಲ್ಲ. ಆರಿಸಿದರೆ ಮತ್ತೆ ಹತ್ತುವ ಭರವಸೆ ಅವನಿಗೇ ಇರಲಿಲ್ಲ.

ಹುಡುಗನ ತಾಯಿ ಬಾಗಿಲಿಗೆ ಬಂದಳು. "ಬನ್ನಿ ಬನ್ನಿ, ಶಾಲೆಯವರೇ ಬಂದ್ರಿ, ಒಳ್ಳೆ ಶಕುನ. ಟೀ ಕುಡೀರಿ."

"ಟೀ ಬೇಡಮ್ಮ. ನಿಮ್ಮ ಮನೇಲಿ ಶಾಲೆಯ ಪುಸ್ತಕ ಒಂದಿದೆ." ಅನಾರ್‌ಕುಲ್ ಕಾರ್ಡು ಎತ್ತಿ ಹಿಡಿದಳು. "ಚೋಲ್ಪೋನ್ ಹೆಸರಲ್ಲಿ. ಮಧ್ಯಾಹ್ನ ಒಂದೂವರೆಗೆ ಕೊಟ್ಟಿದ್ದು."

"ಮಧ್ಯಾಹ್ನ ಕೊಟ್ಟಿದ್ದನ್ನ ಸಂಜೆ ವಾಪಸ್ ಕೇಳೋರನ್ನ ಇವತ್ತೇ ನೋಡಿದ್ದು."

"ಶಾಲೆ ಬಿಡೋರ ಹತ್ರ ಅದೇ ದಿನ ಕೇಳ್ಬೇಕು. ನಿಯಮ."

"ಅಷ್ಟೇ ತಾನೆ? ಚೀಲದಲ್ಲಿದೆ, ಕೊಟ್ಟುಬಿಡ್ತೀವಿ."

"ನೀವು ಕೊಟ್ರೆ ಆಗಲ್ಲಮ್ಮ. ಓದೋರೇ ಬಂದು ಸಹಿ ಹಾಕ್ಬೇಕು, ನನ್ನ ಕಣ್ಣೆದುರಿಗೆ. ಮುದ್ರೆ ತಂದಿದ್ದೀನಿ."

ಒಳಗಿನಿಂದ ಗದ್ದಲ ಕೇಳಿತು. "ಅಕ್ಕಾ, ನಾನಿಲ್ಲಿದ್ದೀನಿ. ಬಂದೆ" ಎಂದಿತು ಚೋಲ್ಪೋನಳ ದನಿ. ಮೂಲೆಯ ಪರದೆ ಸರಿಯಿತು. ಹುಡುಗಿಯ ಕೂದಲು ಕೆದರಿತ್ತು, ಕೆನ್ನೆಯಲ್ಲಿ ಗೀರು ಬಿದ್ದಿತ್ತು, ತಲೆ ಮಾತ್ರ ಬರಿದು. ಎರಡು ಗಂಟೆ ಹೊತ್ತು ಐವರು ಹೆಂಗಸರಿಗೆ ಆ ಬಿಳಿಯ ಬಟ್ಟೆ ಕಟ್ಟಲು ಅವಳು ಬಿಟ್ಟಿರಲಿಲ್ಲ. ಈಗ ಚೀಲವನ್ನು ಎದೆಗೆ ಅವಚಿಕೊಂಡು ಬಾಗಿಲ ಕಡೆ ಬಂದಳು.

"ಅತ್ತೆ, ಬಾಗಿಲು" ಅಂದಳು ಹುಡುಗನ ತಾಯಿ.

ಒಲೆಯ ಪಕ್ಕ ಕೂತಿದ್ದ ಮುದುಕಿ ಎದ್ದಳು. ಯಾರ ಮುಖವನ್ನೂ ನೋಡಲಿಲ್ಲ. ದಿನವೂ ಮಾಡುವ ಕೆಲಸವೆಂಬಂತೆ ಬಂದು ಹೊಸ್ತಿಲ ಮೇಲೆ ಅಡ್ಡ ಮಲಗಿ ಕಣ್ಣು ಮುಚ್ಚಿಕೊಂಡಳು. ತೆರೆದ ಬಾಗಿಲಿನಿಂದ ಹಿಮದ ಗಾಳಿ ಒಳಗೆ ನುಗ್ಗಿತು.

ಚೋಲ್ಪೋನ್ ಒಂದು ಹೆಜ್ಜೆಯ ದೂರದಲ್ಲಿ ನಿಂತುಬಿಟ್ಟಳು. ಒಂಬತ್ತು ಪುಸ್ತಕ ಓದಿದವಳು ಹಾರಿ ಹೋಗಬಹುದಿತ್ತಲ್ಲ ಎಂದು ನೀವು ಕೇಳಬಹುದು. ಕೇಳುವುದು ಸುಲಭ. ಹುಟ್ಟಿದಾಗಿನಿಂದ ಕಿವಿಗೆ ಬಿದ್ದ ಹೆದರಿಕೆ ಒಂಬತ್ತು ಪುಸ್ತಕಕ್ಕೆ ಹೋಗುವುದಿಲ್ಲ, ಅದೂ ಅಲ್ಲದೆ ಕಾಲಬುಡದಲ್ಲಿ ಮಲಗಿದ್ದದ್ದು ಅಜ್ಜಿಯ ವಯಸ್ಸಿನ ಹೆಂಗಸು. ಹುಡುಗಿಯ ಕಣ್ಣು ತುಂಬಿತು. ಒಳಗೆ ಯಾರೋ ಹೆಂಗಸು, "ನಾವೂ ಹೀಗೇ ಅತ್ತಿದ್ವಿ ಕಣೆ, ಆಮೇಲೆ ಎಲ್ಲ ಸರಿಹೋಯ್ತು" ಅಂದಳು.

ಅನಾರ್‌ಕುಲ್ ಹಿಮದಲ್ಲೇ ಮೆಟ್ಟಿಲ ಮೇಲೆ ಕುಕ್ಕರುಗಾಲಿನಲ್ಲಿ ಕೂತಳು. ಮುದುಕಿಯ ಕಿವಿ ಈಗ ಆಕೆಯ ಬಾಯಿಯ ಹತ್ತಿರವಿತ್ತು.

"ಸಾಲ್ಕಿನ್ ಅಕ್ಕ" ಅಂದಳು.

ಮುದುಕಿಯ ಕಣ್ಣು ತೆರೆಯಿತು.

"ಪುಸ್ತಕ ಎಲ್ಲಿ?"

"ಯಾವ ಪುಸ್ತಕ?" ಅಂದಳು ಮುದುಕಿ. ಅನಾರ್‌ಕುಲ್ ಎರಡನೆಯ ಕಾರ್ಡನ್ನು ಆಕೆಯ ಕಣ್ಣಿಗೆ ಹಿಡಿದು, ಒಂದೊಂದೇ ಸಾಲಿನ ಮೇಲೆ ಬೆರಳಿಟ್ಟು ಓದಿದಳು.

"ಸಾವಿರದ ಒಂಬೈನೂರ ಅರವತ್ತೆಂಟು, ನವೆಂಬರ್ ಹದಿನಾಲ್ಕು. ನದಿ ದಡದ ಹುಡುಗಿಯ ಕಥೆ, ಮೊದಲನೆಯ ಭಾಗ. ತಗೊಂಡವರು ಸಾಲ್ಕಿನ್, ಅಸಾನನ ಮಗಳು. ಇದು ನಿಮ್ಮ ಸಹಿ ತಾನೆ?"

ಮುದುಕಿ ತುಂಬ ಹೊತ್ತು ಆ ಸಹಿಯನ್ನು ನೋಡಿದಳು. ಆಮೇಲೆ ಕೇಳಿದ್ದು ಬಲು ಸಣ್ಣ ದನಿಯಲ್ಲಿ. "ಎರ್ನಾ ಕಾರ್ಲೊವ್ನಾ ಬೈದ್ರಾ?"

"ಇಲ್ಲಕ್ಕ. ಬೈಲಿಲ್ಲ. ಎರಡನೇ ಭಾಗ ನಿಮಗೆ ಅಂತ ತೆಗೆದಿಟ್ಟು ಹೋದ್ರು." ಕೋಟಿನೊಳಗಿಂದ ನೀಲಿ ಪುಸ್ತಕ ತೆಗೆದು ಚೀಟಿ ತೋರಿಸಿದಳು. ದುಂಡನೆಯ ಅಕ್ಷರ, ಮಾಸಿದ ನೇರಳೆ ಶಾಯಿ. 'ಮುಂದೆ ಇದನ್ನು ಓದು. ಸಾಲ್ಕಿನ್‌ಗೆ ತೆಗೆದಿಟ್ಟದ್ದು, ಬೇರೆಯವರಿಗೆ ಕೊಡಬಾರದು.'

"ಆ ಕಥೆ ಹುಡುಗೀನ ಒಬ್ಬ ಮುದುಕನಿಗೆ ಮಾರಿದ್ರು" ಅಂದಳು ಮುದುಕಿ, ಮಲಗಿದಲ್ಲಿಂದಲೇ. "ಓಡಿ ಬಂದು ನದಿ ಹತ್ರ ನಿಲ್ತಾಳೆ. ನೀರು ತುಂಬಿರುತ್ತೆ. ಅಲ್ಲಿಗೆ ಮುಗಿಯುತ್ತೆ ನನ್ನ ಪುಸ್ತಕ. ಅವಳು ದಾಟಿದ್ಲಾ?"

"ಗೊತ್ತಿಲ್ಲಕ್ಕ. ನಾನು ಓದಿಲ್ಲ."

"ಇಷ್ಟು ವರ್ಷ ಇಟ್ಕೊಂಡು ಓದಿಲ್ವಾ?"

"ನಿಮ್ಮ ಹೆಸರಲ್ಲಿ ಇಟ್ಟಿದ್ದು. ನಾನು ಹೇಗೆ ಓದ್ಲಿ?"

ಮುದುಕಿ ಕೈ ಚಾಚಿದಳು. "ಕೊಡು ಇಲ್ಲಿ."

ಕೊಟ್ಟುಬಿಡೋಣ ಎಂದು ಅನಾರ್‌ಕುಲ್‌ಗೆ ಅನ್ನಿಸಿತು. ಕೊಡಲಿಲ್ಲ. ಪುಸ್ತಕವನ್ನು ಎದೆಗೊತ್ತಿಕೊಂಡು, ಎರ್ನಾ ಕಾರ್ಲೊವ್ನಾ ಸಾವಿರ ಸಲ ಹೇಳಿದ್ದನ್ನೇ ಹೇಳಿದಳು. "ಮೊದಲನೆಯದು ತಂದ್ರೆ ಎರಡನೆಯದು."

"ಅದು ಒಳಗೆ ಪೆಟ್ಟಿಗೇಲಿದೆ."

"ತನ್ನಿ."

"ತರ್ಬೇಕು ಅಂದ್ರೆ ನಾನು ಏಳ್ಬೇಕು."

"ಹೂಂ ಅಕ್ಕ" ಅಂದಳು ಅನಾರ್‌ಕುಲ್. "ಏಳ್ಬೇಕು."

ಮುದುಕಿ ತಲೆ ತಿರುಗಿಸಿ ಚೋಲ್ಪೋನಳ ಹರಿದ ಕಾಲುಚೀಲ ನೋಡಿದಳು, ಆಮೇಲೆ ಗೀರು ಬಿದ್ದ ಕೆನ್ನೆ ನೋಡಿದಳು. ಒಂದು ಕೈಯನ್ನು ನೆಲಕ್ಕೂರಿದಳು.

"ಅತ್ತೆ, ಏಳಬೇಡಿ" ಅಂದಳು ಸೊಸೆ.

"ಐವತ್ತೊಂದು ವರ್ಷದಿಂದ ಶಾಲೆ ಪುಸ್ತಕ ಇಟ್ಕೊಂಡಿದ್ದೀನಿ. ನನ್ನನ್ನ ಕಳ್ಳಿ ಅನ್ನಿಸ್ಬೇಕು ಅಂತಿದೀಯಾ?" ಮುದುಕಿ ಬಾಗಿಲ ಚೌಕಟ್ಟು ಹಿಡಿದು ಎದ್ದು ನಿಂತಳು. "ಮಂಡಿ ನೋವು, ನಿಧಾನ ಆಗುತ್ತೆ. ಪೆಟ್ಟಿಗೆ ಬೀಗದ ಕೈ ಬೇರೆ ಎಲ್ಲಿಟ್ಟಿದ್ದೀನೋ." ಎರಡು ಹೆಜ್ಜೆ ಒಳಗೆ ಹೋಗಿ, ಬಿಳಿಯ ಬಟ್ಟೆ ಹಿಡಿದು ನಿಂತಿದ್ದ ಹೆಂಗಸಿನ ಎದುರು ಕೈ ಒಡ್ಡಿದಳು. "ಅದನ್ನ ಕೊಡು. ಪುಸ್ತಕದ ಧೂಳು ಒರೆಸ್ಬೇಕು."

ಹೆಂಗಸು ಕೊಟ್ಟಳು. ಕೊಡದೆ ಏನು ಮಾಡಿಯಾಳು?

"ಎಲ್ದಾರ್" ಎಂದು ಮುದುಕಿ ಹೊರಗಿನ ಮೊಮ್ಮಗನನ್ನು ಕೂಗಿದಳು. "ಹಿಂದಿನ ಬಾಗಿಲಿಂದ ಬಾ. ಪೆಟ್ಟಿಗೆ ಮೇಲಿನ ಹಾಸಿಗೆ ಎಲ್ಲ ಇಳಿಸ್ಬೇಕು. ನಿನ್ನ ಗೆಳೆಯರನ್ನೂ ಕರ್ಕೊಂಡು ಬಾ."

ಹೊಸ್ತಿಲು ಖಾಲಿಯಾಗಿತ್ತು. ಚೋಲ್ಪೋನ್ ಅದನ್ನು ದಾಟಿದಳು, ಓಡಲಿಲ್ಲ, ನಡೆದೇ ದಾಟಿದಳು. ಅನಾರ್‌ಕುಲ್ ಅವಳ ಕೈ ಹಿಡಿದುಕೊಂಡಳು. ಆಮೇಲೆ, ಇಪ್ಪತ್ತೇಳು ವರ್ಷದಲ್ಲಿ ಮೊದಲ ಸಲ, ನಿಯಮ ಮುರಿದಳು. ಮೊದಲನೆಯದು ಕೈಗೆ ಬರುವ ಮುಂಚೆಯೇ ಎರಡನೆಯ ಭಾಗವನ್ನು ಹೊಸ್ತಿಲ ಮೇಲೆ, ಮುದುಕಿ ಮಲಗಿದ್ದ ಜಾಗದಲ್ಲಿ ಇಟ್ಟಳು. ಹುಡುಗನ ತಾಯಿ ಧಾವಿಸಿ ಬಂದವಳು ಕಾಲೆತ್ತಿ ಹಾಗೇ ನಿಂತಳು. ರೊಟ್ಟಿಯನ್ನೂ ಪುಸ್ತಕವನ್ನೂ ದಾಟುವುದು ಆ ಮನೆಗಳಲ್ಲಿ ಆಗದ ಮಾತು. ಬಗ್ಗಿ ಎತ್ತಿಕೊಳ್ಳುವಷ್ಟರಲ್ಲಿ ಝಿಗುಲಿ ಬೇಲಿ ದಾಟಿತ್ತು.

ಸೇತುವೆಯ ಮೇಲೆ ಚೋಲ್ಪೋನ್ ಚೀಲ ತೆರೆದು ತೆಳು ಪುಸ್ತಕ ತೆಗೆದಳು. "ಸಹಿ ಎಲ್ಲಿ ಹಾಕ್ಬೇಕು ಅಕ್ಕ?"

"ಎಂಥ ಸಹಿ? ನೀನು ಇನ್ನೂ ಓದೇ ಇಲ್ವಲ್ಲ" ಅಂದಳು ಅನಾರ್‌ಕುಲ್.

ಹುಡುಗಿ ಆಕೆಯ ಹೆಗಲಿಗೆ ಮುಖ ಒತ್ತಿ ಅತ್ತಳು. ಅನಾರ್‌ಕುಲ್ ತಾನೂ ಅತ್ತಳು. ಕಲ್ಮಿರ್ಜಾ ಮೂಗು ಒರೆಸಿಕೊಂಡು, ಈ ಕಾರಿಗೆ ಹೊಗೆ ಒಳಗೇ ಬರುತ್ತದೆ, ಏನು ಮಾಡೋದು ಅಂದ. ಆ ಮೂವರಿಗೂ ತಾನು ಋಣಿ ಎಂದು ಅನಾರ್‌ಕುಲ್‌ಗೆ ಅನ್ನಿಸಿತು, ಹುಡುಗಿಗೆ, ಮಸಿ ಮೆತ್ತಿದ ಈ ಅಣ್ಣನಿಗೆ, ಕಾರ್ಡು ಎಸೆಯಬೇಡ ಎಂದು ಹೇಳಿ ಹೋದವರಿಗೆ. ಹಿಂದಿನ ನಾಲ್ವರ ಹೆಸರನ್ನು ಮನಸ್ಸಿನಲ್ಲೇ ಒಂದೊಂದಾಗಿ ಹೇಳಿಕೊಂಡಳು.

ಮರುದಿನ ಪೊಲೀಸಿನವನು ಬಂದಾಗ ಚೋಲ್ಪೋನ್ ಆ ತೆಳು ಪುಸ್ತಕ ತೆರೆದಿಟ್ಟುಕೊಂಡು ದೂರು ಬರೆದುಕೊಟ್ಟಳು. ಕಾನೂನಿನ ಯಾವ ಕಲಮು ಎಂದು ಅವಳೇ ಹೇಳಿದ್ದರಿಂದ ಅವನು ಬರೆದುಕೊಳ್ಳದೆ ವಿಧಿಯಿರಲಿಲ್ಲ. ಅವಳ ಅಮ್ಮ ಮಾಸ್ಕೋದಿಂದ ನಾಲ್ಕು ದಿನ ಪ್ರಯಾಣ ಮಾಡಿ ಬಂದು, ಲೈಬ್ರರಿಯ ಬಾಗಿಲಲ್ಲಿ ನಿಂತು, ಮಾಸ್ಕೋದಲ್ಲಿ ಕಲಿತದ್ದು ಅದೊಂದೇ ಎಂಬಂತೆ ಬಕೆಟ್ ಹುಡುಕಿ ನೆಲವನ್ನೆಲ್ಲ ಒರೆಸಿ ಹೋದಳು. ಬೇಡವೆಂದರೂ ಕೇಳಲಿಲ್ಲ. ಜಗಳಗಂಟ ಹುಡುಗ ಬಂದು ಕೋರ್ಟಿನ ಕಥೆ ಕೇಳಿ ತೆಗೆದುಕೊಂಡು ಹೋದ. ಹನ್ನೆರಡು ಪುಸ್ತಕಗಳಲ್ಲಿ ಆ ವಾರ ಮೇಜಿನ ಮೇಲೆ ಉಳಿದದ್ದು ಬರಿಯ ಬಟ್ಟೆ.

ಒಂಬತ್ತನೆಯ ದಿನ, ಬಿಡುವಿನ ಹೊತ್ತಿನಲ್ಲಿ, ಸಾಲ್ಕಿನ್ ಕೋಲೂರಿಕೊಂಡು ಬಂದಳು. ಯಾರು ಕರೆತಂದರೆಂದು ಕೇಳಿದರೆ, "ಯಾಕೆ, ದಾರಿ ಮರೆತಿದ್ದೀನಾ?" ಅಂದಳು. ಕಂಕುಳಲ್ಲಿದ್ದ ಗಂಟನ್ನು ಮೇಜಿನ ಮೇಲಿಟ್ಟು ಬಿಚ್ಚಿದಳು. ಅದೇ ಬಿಳಿಯ ಬಟ್ಟೆ, ಒಳಗೆ ನೀಲಿ ಪುಸ್ತಕಗಳು ಎರಡು, ಒಂದು ಹೊಸದರಂತೆ, ಇನ್ನೊಂದು ಅಂಚು ಸವೆದು ಮೆತ್ತಗಾದದ್ದು.

"ದಾಟಿದ್ಲು ಕಣೆ ಅವಳು" ಅಂದಳು. "ಮೊದಲನೇ ಪುಟದಲ್ಲೇ ದಾಟಿಬಿಟ್ಟಿದ್ದಾಳೆ. ಐವತ್ತೊಂದು ವರ್ಷ ನಾನು ಅವಳನ್ನ ದಡದ ಮೇಲೇ ನಿಲ್ಲಿಸ್ಕೊಂಡಿದ್ದೆ ನೋಡು." ಕಿಟಕಿಯ ಬಳಿಯಿದ್ದ ಚೋಲ್ಪೋನ್ ಎದ್ದು ಕುರ್ಚಿ ತಂದಿಟ್ಟಳು. ಮುದುಕಿ ಅವಳ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದು, ಹಣೆಗೆ ಒತ್ತಿಕೊಂಡಳು. "ತಪ್ಪಾಯ್ತು ಮಗಳೇ" ಅಂದಳು. ಹುಡುಗಿ ಕುರ್ಚಿಯ ಪಕ್ಕದಲ್ಲೇ ನೆಲದ ಮೇಲೆ ಕೂತಳು.

"ಎರ್ನಾ ಕಾರ್ಲೊವ್ನಾ ಎಲ್ಲಿದ್ದಾರೆ? ಅವರಿಗೊಂದು ಮಾತು ಹೇಳ್ಬೇಕಿತ್ತು."

"ಜರ್ಮನಿಗೆ ಹೋದ್ರು ಅಕ್ಕ. ಅಲ್ಲೇ ತೀರ್ಕೊಂಡ್ರು."

ಸಾಲ್ಕಿನ್ ಎರಡು ಕೈಯನ್ನೂ ಮುಖದ ಮುಂದೆ ಹಿಡಿದು ತುಟಿಯಲ್ಲೇ ಪ್ರಾರ್ಥಿಸಿ, ಮುಖ ಸವರಿಕೊಂಡಳು. ಮೂವರೂ ಸವರಿಕೊಂಡರು.

ಅನಾರ್‌ಕುಲ್ ಹಳೆಯ ಕಾರ್ಡು ತೆಗೆದು, ಎರಡು ಭಾಗಗಳೂ ಬಂದವು ಎಂದು ತಾರೀಕು ಹಾಕಿ ಬರೆದಳು. ಕೊನೆಯ ಸಾಲಿನ ಹತ್ತಿರ ಪೆನ್ನು ನಿಂತಿತು. "ಕಾರ್ಡು ಮುಚ್ಚಲಾ ಅಕ್ಕ? ಬಾಕಿ ಏನಿಲ್ಲ."

"ಯಾಕೆ ಮುಚ್ತೀಯ? ಆ ಹುಡುಗಿ ಓದ್ತಿರೋದು ಹನ್ನೆರಡು ಪುಸ್ತಕವಂತಲ್ಲ, ಅದರಲ್ಲಿ ಮೊದಲನೆಯದು ಕೊಡು. ಚೀಟಿ ಇಟ್ಟು ಕೊಡು."

ಜಗಳಗಂಟ ಹುಡುಗ ಆ ಬೆಳಿಗ್ಗೆ ತಾನೇ ಹಿಂದಿರುಗಿಸಿದ್ದ ಉಪ್ಪಿನ ಗಣಿಯ ಕಥೆಯನ್ನು ಚೋಲ್ಪೋನ್ ಹೋಗಿ ತಂದಳು, ತಾನೇ ಚೀಟಿ ಬರೆದು ಒಳಗಿಟ್ಟಳು. ಅನಾರ್‌ಕುಲ್ ಹೊಸ ಸಾಲು ಬರೆದು, ಅಂಗೈಯಗಲದ ಆ ಮಾಸಿದ ಕಾರ್ಡಿನ ಮೇಲ್ತುದಿ ನೋಡಿ, "ಇಲ್ಲಿ ಇನ್ನೂ ಹತ್ತನೇ ತರಗತಿ ಅಂತಲೇ ಇದೆ. ಹೊಡೆದುಹಾಕಿ ಬೇರೆ ಏನಾದ್ರೂ ಬರೀಲಾ?" ಎಂದು ಕೇಳಿದಳು.

ಸಾಲ್ಕಿನ್ ಕನ್ನಡಕ ಏರಿಸಿ, ಬಗ್ಗಿ, ತನ್ನ ಹೆಸರನ್ನೂ ಅದರ ಮುಂದಿನ ಅಂಕಿಯನ್ನೂ ಓದಿದಳು.

"ಇರ್ಲಿ ಬಿಡು" ಅಂದಳು. "ನಾನಿನ್ನೂ ಪಾಸಾಗಿಲ್ಲ."